ಹೆಳವರ ಹೊತ್ತಿಗೆ, ನರಗುಂದದ ದತ್ತಕ

ಸುಗ್ಗಿ ಮುಗಿದ ಮೇಲೆ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹಳ್ಳಿಗಳಿಗೆ ಹೆಳವರು ಬರುವುದುಂಟು. ಒಕ್ಕಲು ಮನೆಯ ಮುಂದೆ ಕುಳಿತು ಹೊತ್ತಿಗೆ ತೆರೆದು, ಮೂಲ ಪುರುಷನಿಂದ ಹಿಡಿದು ಆ ಮನೆತನದ ತಲೆಮಾರುಗಳನ್ನು ಓದುತ್ತಾರೆ. ಹೊಸ ಹೆಸರುಗಳನ್ನು ಬರೆದುಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ಹೊರಡುತ್ತಾರೆ.

ಇಲ್ಲೊಂದು ಲೆಕ್ಕವಿದೆ. ತಲೆಮಾರಿಗೆ 25-30 ವರ್ಷ ಹಿಡಿದರೆ ಹತ್ತು ತಲೆಮಾರು ಎಂದರೆ 250-300 ವರ್ಷ. ಅಷ್ಟು ಹಿಂದೆ ಹೋದರೆ ಪ್ರತಿಯೊಬ್ಬರಿಗೂ 1,024 ಪೂರ್ವಜರ ಸ್ಥಾನಗಳಿರುತ್ತವೆ. ಸೋದರಿಕೆಯ ಮದುವೆಗಳು ನಡೆದಲ್ಲಿ ಒಬ್ಬರೇ ಎರಡು ಮೂರು ಸ್ಥಾನಗಳಲ್ಲಿ ಬರುತ್ತಾರೆ. ಹೊತ್ತಿಗೆ ಹಿಡಿಯುವುದು ಮುಖ್ಯವಾಗಿ ಗಂಡುಸಂತತಿಯ ಒಂದೇ ಎಳೆಯನ್ನು. ಧರ್ಮಶಾಸ್ತ್ರದ ಪ್ರಕಾರ ದತ್ತುಪುತ್ರನೂ ಆ ಎಳೆಯನ್ನು ಮುಂದುವರಿಸುತ್ತಾನೆ. ಎಂದರೆ ವಂಶಾವಳಿ ರಕ್ತಸಂಬಂಧಕ್ಕಿಂತ ವಾರಸಿಕೆಯನ್ನೇ ಹೆಚ್ಚಾಗಿ ಹೇಳುತ್ತದೆ.

ನರಗುಂದದಲ್ಲಿ ಈ ವಾರಸಿಕೆಗೇ ಕೊಡಲಿ ಬಿತ್ತು. ಗಂಡುಮಕ್ಕಳಿಲ್ಲದ ಸಂಸ್ಥಾನಿಕ ಬಾಬಾಸಾಹೇಬ ಭಾಸ್ಕರರಾವ್ ಭಾವೆ ದತ್ತು ಸ್ವೀಕಾರಕ್ಕೆ ಅನುಮತಿ ಕೇಳಿದಾಗ ಕಂಪನಿ ಸರ್ಕಾರ ಕೊಡಲಿಲ್ಲ. 1858ರ ಮೇ ತಿಂಗಳಲ್ಲಿ ಅವರು ಬಂಡೆದ್ದರು. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಲಾಯಿತು.

ಸರ್ಕಾರಿ ದಾಖಲೆ ಜನರನ್ನು ಹೊರಗಿಟ್ಟ ಇನ್ನೂ ಕ್ರೂರ ನಿದರ್ಶನ ಅಮೆರಿಕದ್ದು. 1790ರಲ್ಲಿ ಅಲ್ಲಿನ ಮೊದಲ ಜನಗಣತಿ ಬರೆದುಕೊಂಡದ್ದು ಮನೆಯ ಯಜಮಾನರ ಹೆಸರನ್ನಷ್ಟೇ. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನಡಿ ವಯಸ್ಸು, ಲಿಂಗ, ಬಣ್ಣ ಇವೆ. ಗುಲಾಮರ ಹೆಸರುಗಳು ಬಹುಮಟ್ಟಿಗೆ ಇಲ್ಲ. ಅವರ ಸಂತತಿಯವರ ಹುಡುಕಾಟ ಅನೇಕ ವೇಳೆ 1870ರ ಗಣತಿಗೆ ಬಂದು ನಿಂತುಬಿಡುತ್ತದೆ.

ನಮ್ಮ ವಿದ್ಯಾರ್ಥಿಗಳು ಹೆಳವರ ಓದನ್ನು ಹಳೆಯ ಪಹಣಿ, ವಾರಸಾ ದಾಖಲೆ, ಶಾಲೆಯ ರಿಜಿಸ್ಟರಿನೊಂದಿಗೆ ಹೋಲಿಸಿ ನೋಡಬಹುದು. ಹೊತ್ತಿಗೆಯಲ್ಲಿ ಸಿಗದ ಮುತ್ತಜ್ಜಿಯ ಹೆಸರು, ಗಂಡ ತೀರಿದ ಮೇಲೆ ಹೊಲ ಆಕೆಯ ಹೆಸರಿಗೆ ಬಂದ ವಾರಸಾ ದಾಖಲೆಯಲ್ಲಿ ಸಿಕ್ಕೀತು.