ಒಂದು ಚಿತ್ರ, ಎರಡು ಧ್ವನಿ: ಬೋಧನಾ ತಂತ್ರಜ್ಞಾನದ ಚರಿತ್ರೆಯಲ್ಲಿ ಗಡಿಯಾಚೆಯ ಕನ್ನಡ

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಎಂಬ ಉಪಗ್ರಹವು ಭಾರತದ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ನೇರವಾಗಿ ಮುಟ್ಟಿಸಿತು. ‘ಸೈಟ್’ ಎಂಬ ಹೆಸರಿನಿಂದ ಪರಿಚಿತವಾದ ಈ ಉಪಗ್ರಹ ಬೋಧನಾ ಪ್ರಯೋಗವು ರಾಜಸ್ಥಾನ, ಬಿಹಾರ, ಒರಿಸ್ಸಾ, ಮಧ್ಯಪ್ರದೇಶ, ಆಂಧ್ರಪ್ರದೇಶ ಮತ್ತು ಕರ್ನಾಟಕಗಳಲ್ಲಿ ನಡೆಯಿತು. ಜಾಲರಿಯ ಆಂಟೆನಾ, ಶಾಲೆಯ ಜಗುಲಿಯ ಮೇಲಿನ ಟಿ.ವಿ., ಅದರ ಮುಂದೆ ನೆರೆದ ಊರು ಇವುಗಳ ಚಿತ್ರಗಳು ಬಾಹ್ಯಾಕಾಶ ಸಂಶೋಧನೆಯ ಇತಿಹಾಸದಲ್ಲಿ ಈಗಲೂ ಹೆಮ್ಮೆಯಿಂದ ಮುದ್ರಣಗೊಳ್ಳುತ್ತವೆ. ಗಡಿನಾಡಿನ ಕನ್ನಡದ ಕಡೆಯಿಂದ ನೋಡಿದರೆ ಅದೇ ಪ್ರಯೋಗ ಬೇರೊಂದು ಸಂಗತಿಯನ್ನು ಹೇಳುತ್ತದೆ.

ಕರ್ನಾಟಕದಲ್ಲಿ ಪ್ರಯೋಗಕ್ಕೆ ಆಯ್ಕೆಯಾದವು ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಆಂಧ್ರಪ್ರದೇಶದಲ್ಲಿ ಹೈದರಾಬಾದ್, ಮೇದಕ್, ಮೆಹಬೂಬ್‌ನಗರ ಮತ್ತು ಕರ್ನೂಲು. ಮೊದಲನೆಯ ಗುಂಪಿಗೆ ಕನ್ನಡ, ಎರಡನೆಯದಕ್ಕೆ ತೆಲುಗು ಎಂಬುದು ಯೋಜನೆ. ಆಂಧ್ರದ ಈ ನಾಲ್ಕು ಜಿಲ್ಲೆಗಳ ಹಿಂದಿನ ಇಪ್ಪತ್ತು ವರ್ಷಗಳ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. 1953ರ ಅಕ್ಟೋಬರ್‌ನಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ ಮತ್ತು ಆಲೂರು ಕರ್ನೂಲಿಗೆ ಸೇರಿದವು. 1956ರ ಪುನರ್ವಿಂಗಡಣೆಯಲ್ಲಿ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ರಾಯಚೂರಿನ ಗದ್ವಾಲ್, ಆಲಂಪುರ ತಾಲೂಕುಗಳು ಮೆಹಬೂಬ್‌ನಗರಕ್ಕೆ, ತಾಂಡೂರು ಹೈದರಾಬಾದ್ ಜಿಲ್ಲೆಗೆ, ಬೀದರದ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಮೇದಕ್‌ಗೆ ಹೋದವು. ಅಂದರೆ ಪ್ರಯೋಗಕ್ಕೆ ಆರಿಸಿಕೊಂಡ ಆಂಧ್ರದ ನಾಲ್ಕೂ ಜಿಲ್ಲೆಗಳು ಇತ್ತೀಚೆಗಷ್ಟೇ ಕನ್ನಡ ನಾಡಿನ ಜಿಲ್ಲೆಗಳಿಂದ ನೆಲವನ್ನು ಪಡೆದಿದ್ದವು. ಆ ನೆಲದಲ್ಲಿ ತೆಲುಗು, ಉರ್ದು, ಕನ್ನಡಗಳು ಒಂದೇ ಓಣಿಯಲ್ಲಿ ಬಾಳುತ್ತಿದ್ದವು. ಯೋಜನೆಯ ಕಾಗದದಲ್ಲಿ ಮಾತ್ರ ಪ್ರತಿ ಗುಂಪಿಗೂ ಒಂದೇ ಭಾಷೆ ಇತ್ತು.

ಇದು ತಂತ್ರಜ್ಞಾನದ ಮಿತಿಯಿಂದ ಆದದ್ದೆಂದು ಹೇಳುವಂತಿಲ್ಲ. ಎಟಿಎಸ್-6ರ ಪ್ರಸಾರವ್ಯವಸ್ಥೆಯಲ್ಲಿ ಒಂದು ಚಿತ್ರವಾಹಿನಿಯೊಡನೆ ಎರಡು ಧ್ವನಿವಾಹಿನಿಗಳಿದ್ದವು. ಒಂದೇ ದೃಶ್ಯವನ್ನು ಎರಡು ಭಾಷೆಗಳಲ್ಲಿ ಕೇಳಿಸಲು ಅವಕಾಶವಿತ್ತು. ಬೆಳಗಿನ ಒಂದೂವರೆ ಗಂಟೆಯ ಶಾಲಾ ಪ್ರಸಾರದಲ್ಲಿ ಹಿಂದಿ, ಒಡಿಯಾ, ತೆಲುಗು, ಕನ್ನಡಗಳಿಗೆ ತಲಾ ಇಪ್ಪತ್ತೆರಡೂವರೆ ನಿಮಿಷ. ಆಕಾಶದಿಂದ ಇಳಿದ ಕನ್ನಡದ ಇಪ್ಪತ್ತೆರಡೂವರೆ ನಿಮಿಷ ರಾಯಚೂರಿನ ಮೇಲೆ ಬಿದ್ದಂತೆಯೇ ಆದೋನಿಯ ಮೇಲೂ ಬಿದ್ದಿತ್ತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಕನ್ನಡದ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಕರ್ನಾಟಕದಲ್ಲಲ್ಲ. ದೆಹಲಿ, ಕಟಕ್, ಹೈದರಾಬಾದ್ ಈ ಮೂರು ನಿರ್ಮಾಣಕೇಂದ್ರಗಳಲ್ಲಿ ತೆಲುಗು ಮತ್ತು ಕನ್ನಡಗಳ ಹೊಣೆ ಹೈದರಾಬಾದಿನದಾಗಿತ್ತು. ಕನ್ನಡ ಪಾಠವು ಗಡಿಯಾಚೆಯಲ್ಲೇ ಹುಟ್ಟಿ, ಉಪಗ್ರಹಕ್ಕೆ ಏರಿ, ಗಡಿಯ ಎರಡೂ ಕಡೆ ಇಳಿಯುತ್ತಿತ್ತು. ಅದನ್ನು ಕೇಳಬೇಕಾದವರು ಯಾರೆಂಬ ಪಟ್ಟಿಯಲ್ಲಿ ಗಡಿಯಾಚೆಯವರು ಇರಲಿಲ್ಲ. ಸಂಕೇತ ದಾಟಿದ ಗಡಿಯನ್ನು ವಿನ್ಯಾಸ ದಾಟಲಿಲ್ಲ.

ಕಾಕತಾಳೀಯವೆಂಬಂತೆ, ಬೋಧನಾ ವಿನ್ಯಾಸವೆಂಬ ಶಾಸ್ತ್ರಕ್ಕೂ 1975 ಮುಖ್ಯವಾದ ವರ್ಷ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯವು ಅಮೆರಿಕದ ಸೇನೆಗಾಗಿ ರೂಪಿಸಿದ ಐದು ಹಂತಗಳ ಮಾದರಿ ಆಗಲೇ ಹೊರಬಂದಿತು. ವಿಶ್ಲೇಷಣೆ, ವಿನ್ಯಾಸ, ರಚನೆ, ಅನುಷ್ಠಾನ, ಮೌಲ್ಯಮಾಪನ ಎಂಬ ಈ ಕ್ರಮವನ್ನು ಇಂದಿಗೂ ಶಿಕ್ಷಕ ತರಬೇತಿಯಲ್ಲಿ ಕಲಿಸುತ್ತಾರೆ. ಕಲಿಯುವವರು ಯಾರು, ಅವರ ಮಾತು ಯಾವುದು ಎಂಬ ಪ್ರಶ್ನೆ ಅಲ್ಲಿ ಮೊದಲ ಹಂತದ್ದು. ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರವನ್ನು ರಾಜ್ಯಗಳ ನಕ್ಷೆ ಮೊದಲೇ ಬರೆದಿಟ್ಟಿರುತ್ತದೆ. ಅಲ್ಪಸಂಖ್ಯಾತ ಭಾಷೆಯು ಬರುವುದು ಮೂರನೆಯ ಹಂತ ಮುಗಿದ ಮೇಲೆ, ಅನುವಾದವಾಗಿ.

ಕಾಸರಗೋಡಿನ ಅನುಭವ ಇದಕ್ಕಿಂತ ಸಮೃದ್ಧ, ಆದ್ದರಿಂದಲೇ ಇದಕ್ಕಿಂತ ಜಟಿಲ. ಅಲ್ಲಿ ಕನ್ನಡ ಮಾಧ್ಯಮ ಶಾಲೆಗಳಿವೆ. ಕೇರಳ ಸರ್ಕಾರ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಅಚ್ಚುಹಾಕಿಸುತ್ತದೆ. ಎಡುಸ್ಯಾಟ್ ಉಪಗ್ರಹದ ನೆರವಿನಿಂದ 2005ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದ ವಿಕ್ಟರ್ಸ್ ಶಿಕ್ಷಣವಾಹಿನಿ, ಮುಕ್ತ ತಂತ್ರಾಂಶದ ಗಣಕಗಳು, 2018ರಿಂದ 45,000 ತರಗತಿಗಳನ್ನು ಮುಟ್ಟಿದ ಹೈಟೆಕ್ ಯೋಜನೆ, ಹೀಗೆ ಕೇರಳದ ಸಾಧನೆ ಇತರ ರಾಜ್ಯಗಳಿಗೆ ಮಾದರಿ ಎನ್ನುವುದರಲ್ಲಿ ಅತಿಶಯೋಕ್ತಿಯಿಲ್ಲ. ಆದರೆ 2020ರ ಜೂನ್ 1ರಂದು, ಕೊರೋನಾದಿಂದ ಶಾಲೆಗಳು ಮುಚ್ಚಿದ್ದಾಗ, ‘ಫಸ್ಟ್ ಬೆಲ್’ ತರಗತಿಗಳು ವಿಕ್ಟರ್ಸ್‌ನಲ್ಲಿ ಆರಂಭವಾದವು. ಅವುಗಳ ಕನ್ನಡ ಪಾಠಗಳು ಮುಖ್ಯವಾಹಿನಿಗಿಂತ ಹೊರಗೆ, ಯೂಟ್ಯೂಬ್ ಮತ್ತು ಸ್ಥಳೀಯ ಕೇಬಲ್ ಜಾಲದ ದಾರಿ ಹಿಡಿದವು. ಟಿ.ವಿ. ಹಾಕಿದರೆ ಪಾಠ ಸಿಗುವ ಮಗುವಿಗೂ ಮೊಬೈಲು, ದತ್ತಾಂಶ, ಕೇಬಲ್ ಸಂಪರ್ಕ ಇವುಗಳಲ್ಲೊಂದನ್ನು ಹೊಂದಿಸಿಕೊಂಡರೆ ಮಾತ್ರ ಪಾಠ ಸಿಗುವ ಮಗುವಿಗೂ ನಡುವಿನ ಅಂತರ ಭಾಷೆಯಿಂದಲೇ ಉಂಟಾಯಿತು.

ಅದೇ ವರ್ಷ ಕರ್ನಾಟಕದಲ್ಲಿ ‘ಸಂವೇದ’ ಪಾಠಸರಣಿ ಚಂದನವಾಹಿನಿಯಲ್ಲಿ ಪ್ರಸಾರವಾಯಿತು. ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಮನೆಯ ಮೇಲೆ ಡಿಶ್ ಇದ್ದವರಿಗೆ ಚಂದನ ದೊರೆಯುತ್ತದೆ. ಕನ್ನಡವೂ ಕೇಳಿಸುತ್ತದೆ, ಪಾಠವೂ ಕೇಳಿಸುತ್ತದೆ. ಆದರೆ ಅದು ಕರ್ನಾಟಕದ ಪಠ್ಯಕ್ರಮದ ಪಾಠ. ಅಧ್ಯಾಯಗಳ ಅನುಕ್ರಮ ಬೇರೆ, ಪರೀಕ್ಷೆಯ ಕ್ರಮ ಬೇರೆ. ತನ್ನ ಪಠ್ಯ ಬೇರೆಯವರ ಭಾಷೆಯಲ್ಲಿ, ತನ್ನ ಭಾಷೆ ಬೇರೆಯವರ ಪಠ್ಯದಲ್ಲಿ: 1975ರಲ್ಲಿ ಆದೋನಿಯ ಆಕಾಶದಲ್ಲಿದ್ದ ಸ್ಥಿತಿಯೇ ನಲವತ್ತೈದು ವರ್ಷಗಳ ಮೇಲೆ ಮಂಜೇಶ್ವರದ ಚಾವಡಿಗೆ ಬಂದಿತ್ತು.

ಇದೀಗ ಯಂತ್ರಾನುವಾದದ ಕಾಲ. 2022ರಲ್ಲಿ ಆರಂಭವಾದ ಭಾಷಿಣಿಯಂಥ ಯೋಜನೆಗಳು ಯಾವ ಪಾಠವನ್ನಾದರೂ ಯಾವ ಭಾಷೆಗಾದರೂ ಒದಗಿಸುವ ಭರವಸೆ ನೀಡುತ್ತವೆ. ಅಲ್ಪಸಂಖ್ಯಾತ ಭಾಷೆಗಳಿಗೆ ಇದು ನಿಜವಾದ ಅವಕಾಶ. ಇದನ್ನು ಅನುಮಾನದಿಂದಷ್ಟೇ ನೋಡುವುದು ಸರಿಯಲ್ಲ. ಆದರೂ ಇದು ಮೂಲತಃ ‘ಒಂದು ಚಿತ್ರ, ಎರಡು ಧ್ವನಿ’ ಎಂಬ ಹಳೆಯ ತತ್ತ್ವವೇ. ಧ್ವನಿ ಬದಲಾದಾಗ ಹಲಗೆಯ ಮೇಲಿನ ಬರಹ ಬದಲಾಗುವುದಿಲ್ಲ. ಒಂದನೆಯ ತರಗತಿಯ ಅಕ್ಷರಪಾಠಕ್ಕೆ ಬೇರೊಂದು ಭಾಷೆಯ ಧ್ವನಿಯನ್ನು ಜೋಡಿಸಲು ಬರುವುದೇ ಇಲ್ಲ. ಮಗುವಿನ ಮನೆಮಾತು ತುಳುವೋ ಹವ್ಯಕವೋ ಮರಾಟಿಯೋ ಆಗಿದ್ದು, ಶಾಲೆಯ ಕನ್ನಡವೇ ಅದಕ್ಕೆ ಎರಡನೆಯ ಮೆಟ್ಟಿಲಾಗಿರುವ ಕಾಸರಗೋಡಿನಲ್ಲಿ ಯಂತ್ರದ ಶಿಷ್ಟ ಕನ್ನಡ ಮೂರನೆಯ ಮೆಟ್ಟಿಲಾಗುವ ಸಾಧ್ಯತೆಯಿದೆ.

ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸುವ ಪ್ರಯತ್ನವನ್ನು ರಾಜ್ಯಗಳ ಮತ್ತು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸುತ್ತದೆ. ಆಗ ‘ಸೌಲಭ್ಯ’ವೆಂದರೆ ಒಬ್ಬ ಶಿಕ್ಷಕ, ಒಂದು ಕೊಠಡಿ, ಒಂದು ಪುಸ್ತಕ. 2022ರ ಕೇಂದ್ರ ಬಜೆಟ್ಟಿನಲ್ಲಿ ಶಿಕ್ಷಣವಾಹಿನಿಗಳನ್ನು 12ರಿಂದ 200ಕ್ಕೆ ಏರಿಸುವ ಘೋಷಣೆಯಾದಾಗಲೂ ಪ್ರಾದೇಶಿಕ ಭಾಷೆಗಳ ಪಾಠದ ಹೊಣೆಯನ್ನು ಆಯಾ ರಾಜ್ಯಗಳಿಗೇ ಬಿಡಲಾಯಿತು. ಕರ್ನಾಟಕದ ಕನ್ನಡ ಪಾಠಗಳಲ್ಲಿ ಯಾವುದು ಕೇರಳದ ಯಾವ ಅಧ್ಯಾಯಕ್ಕೆ, ಸೊಲ್ಲಾಪುರದ ಕನ್ನಡ ಶಾಲೆಗಳಿಗಾಗಿ ಬಾಲಭಾರತಿ ಅಚ್ಚುಹಾಕುವ ಪುಸ್ತಕದ ಯಾವ ಘಟಕಕ್ಕೆ ಹೊಂದುತ್ತದೆ ಎಂದು ತೋರಿಸುವ ತರಗತಿವಾರು ಪಟ್ಟಿಯೊಂದಿದ್ದರೆ, ಈಗಾಗಲೇ ಆಕಾಶದಲ್ಲಿರುವ ಕನ್ನಡದ ಒಂದಷ್ಟು ಭಾಗವಾದರೂ ಗಡಿಯಾಚೆಯ ತರಗತಿಗೆ ಬಳಕೆಯಾಗುತ್ತದೆ. ಅದು ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಬಲ್ಲ, ಎರಡೂ ರಾಜ್ಯಗಳ ಪರೀಕ್ಷಾಕ್ರಮ ಬಲ್ಲ ಗಡಿನಾಡಿನ ಶಿಕ್ಷಕರಿಂದ ಆಗುವ ಕೆಲಸ.