ಅಣುಗಳ ಸಾಲು ನೆಟ್ಟಗಾದರೆ ಪ್ಲಾಸ್ಟಿಕ್ ಉಕ್ಕಿಗೂ ಸಮ

ಕೈಯಿಂದ ಎಳೆದರೆ ಹರಿದುಹೋಗುವ ಕ್ಯಾರಿ ಬ್ಯಾಗು ಮತ್ತು ಗುಂಡು ತಡೆಯುವ ಕವಚದ ನಾರು ಒಂದೇ ರಾಸಾಯನಿಕ ವಸ್ತುವಿನಿಂದ ಆಗಿರಬಹುದು ಎಂದರೆ ನಂಬುವುದು ಕಷ್ಟ. ಆದರೂ ಅದು ನಿಜ. ಎರಡೂ ಪಾಲಿಎಥಿಲೀನ್. ಕವಚದ ನಾರಿನಲ್ಲಿ ಅಣು ಸರಪಳಿಗಳು ಹೆಚ್ಚು ಉದ್ದವಾಗಿರುತ್ತವೆ ಎಂಬುದು ಒಂದು ವ್ಯತ್ಯಾಸ. ಅದಕ್ಕಿಂತ ಮುಖ್ಯವಾದುದು ಆ ಸರಪಳಿಗಳು ಯಾವ ದಿಕ್ಕಿಗೆ ಸಾಲುಗೊಂಡಿವೆ ಎಂಬುದು.

ಬಲ ಎಲ್ಲಿಂದ ಬರುತ್ತದೆ?

ಸಣ್ಣ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಕೊಂಡಿ ಹಾಕಿಕೊಂಡು ಆದ ಉದ್ದನೆಯ ಸರಪಳಿಯೇ ಪಾಲಿಮರ್. ಜರ್ಮನ್ ವಿಜ್ಞಾನಿ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಈ ವಿಚಾರವನ್ನು ಮಂಡಿಸಿದಾಗ ಅನೇಕ ರಸಾಯನ ವಿಜ್ಞಾನಿಗಳು ಅದನ್ನು ಒಪ್ಪಿರಲಿಲ್ಲ. 1953ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಸರಪಳಿಯೊಳಗಿನ ಪರಮಾಣುಗಳನ್ನು ಹಿಡಿದಿಡುವ ಬಂಧ ಬಹಳ ಗಟ್ಟಿ. ಒಂದು ಸರಪಳಿಗೂ ಪಕ್ಕದ ಸರಪಳಿಗೂ ನಡುವೆ ಇರುವ ಸೆಳೆತ ಅದರ ಮುಂದೆ ದುರ್ಬಲ. ಸರಪಳಿಗಳು ಸಿಕ್ಕುಗಟ್ಟಿದ ನೂಲಿನಂತಿದ್ದರೆ ಎಳೆತದ ಭಾರವೆಲ್ಲ ಈ ದುರ್ಬಲ ಸೆಳೆತದ ಮೇಲೆ ಬೀಳುತ್ತದೆ. ಅವು ಒಂದರ ಮೇಲೊಂದು ಜಾರುತ್ತವೆ. ಸಾಲಾಗಿ ನಿಂತರೆ ಅದೇ ಭಾರವನ್ನು ಗಟ್ಟಿ ಬಂಧಗಳು ಹೊರುತ್ತವೆ. ಗುಡ್ಡೆ ಹಾಕಿದ ತೆಂಗಿನ ನಾರು ಎಳೆದರೆ ಬಿಚ್ಚಿಕೊಳ್ಳುತ್ತದೆ, ಹಗ್ಗವಾಗಿ ಹೊಸೆದರೆ ತೇರನ್ನೇ ಎಳೆಯುತ್ತದೆ.

ಎಳೆತದಿಂದ ನೈಲಾನ್‌ವರೆಗೆ

1930ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೋಥರ್ಸ್ ತಂಡದ ಜೂಲಿಯನ್ ಹಿಲ್, ಕರಗಿದ ಪಾಲಿಎಸ್ಟರಿನಿಂದ ಎಳೆ ತೆಗೆದರು. ತಣ್ಣಗಾದ ಎಳೆಯನ್ನು ಮತ್ತೆ ಹಿಗ್ಗಿಸಿದಾಗ ಅದು ತೆಳುವಾಯಿತು, ಜೊತೆಗೆ ಮೊದಲಿಗಿಂತ ಬಹಳ ಗಟ್ಟಿಯಾಯಿತು. ಅದೇ ಪ್ರಯೋಗಾಲಯದಲ್ಲಿ 1935ರಲ್ಲಿ ತಯಾರಾದ ನೈಲಾನ್ ನೂಲಿಗೂ ಈ ತಂತ್ರವೇ ಬಲ ಕೊಟ್ಟಿತು.

ಅದೇ ಕಂಪನಿಯ ಸ್ಟೆಫನಿ ಕ್ವೊಲೆಕ್ 1965ರಲ್ಲಿ ಟಯರಿಗೆ ಬೇಕಾದ ಹಗುರ ನಾರಿನ ಹುಡುಕಾಟದಲ್ಲಿದ್ದರು. ಆಗ ದೊರೆತ ದ್ರಾವಣ ನೀರಿನಂತೆ ತೆಳುವಾಗಿತ್ತು, ಮಬ್ಬಾಗಿತ್ತು. ಯಂತ್ರದ ರಂಧ್ರ ಕಟ್ಟಿಕೊಂಡೀತೆಂದು ಅದನ್ನು ನೂಲಲು ಸಿಬ್ಬಂದಿ ಮೊದಲು ಹಿಂಜರಿದರು. ಕಡ್ಡಿಯಂತೆ ನೆಟ್ಟಗಿದ್ದ ಅದರ ಅಣುಗಳು ದ್ರಾವಣದಲ್ಲಿಯೇ ಸಾಲುಗೊಂಡಿದ್ದವು. ಹಾಗೆ ಹುಟ್ಟಿದ ಕೆವ್ಲಾರ್, ಸಮ ತೂಕದ ಉಕ್ಕಿಗಿಂತ ಸುಮಾರು ಐದು ಪಟ್ಟು ಬಲಶಾಲಿ.

ಬಾಗುವ ಅಣುಗಳುಳ್ಳ ಪಾಲಿಎಥಿಲೀನ್‌ಗೆ ಬೇರೆ ಉಪಾಯ ಬೇಕಾಯಿತು. ನೆದರ್ಲೆಂಡ್ಸ್‌ನ ಡಿಎಸ್‌ಎಂ ಕಂಪನಿಯ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ 1979ರ ಸುಮಾರಿಗೆ ಅದನ್ನು ದ್ರಾವಕದಲ್ಲಿ ಕರಗಿಸಿ ಸರಪಳಿಗಳ ಸಿಕ್ಕು ಸಡಿಲಿಸಿದರು. ನಂತರ ಅಂಟಿನಂತಹ ಎಳೆಗಳನ್ನು ಹಲವು ಪಟ್ಟು ಹಿಗ್ಗಿಸಿದರು. ಇದೇ ಡೈನೀಮಾ. ಇದು ನೀರಿನಲ್ಲಿ ತೇಲುತ್ತದೆ. ಹಡಗಿನ ಹಗ್ಗ ಮತ್ತು ಗುಂಡುನಿರೋಧಕ ಫಲಕಗಳಲ್ಲಿ ಬಳಕೆಯಾಗುತ್ತದೆ.

ಮನೆಯಲ್ಲೇ ಸಾಕ್ಷಿ

ಕುಡಿಯುವ ನೀರಿನ ಪೆಟ್ ಬಾಟಲಿಯೂ ಇದೇ ತತ್ವದ ಕೂಸು. ದಪ್ಪನೆಯ ಸಣ್ಣ ಕೊಳವೆಯನ್ನು ಬಿಸಿ ಮಾಡಿ ಉದ್ದಕ್ಕೂ ಅಗಲಕ್ಕೂ ಹಿಗ್ಗಿಸಿ ಅದನ್ನು ಮಾಡುತ್ತಾರೆ. ಅಣುಗಳು ಎರಡೂ ದಿಕ್ಕಿನಲ್ಲಿ ಸಾಲುಗೊಳ್ಳುವುದರಿಂದ ತೆಳು ಗೋಡೆಯೂ ಸೋಡಾದ ಒತ್ತಡವನ್ನು ತಾಳುತ್ತದೆ. ಕುದಿಯುವ ನೀರು ಸುರಿದರೆ ಬಾಟಲಿ ಮುದುಡುತ್ತದೆ. ಶಾಖಕ್ಕೆ ಅಣುಗಳು ಹಳೆಯ ಸುರುಳಿಗೆ ಮರಳುವುದೇ ಇದಕ್ಕೆ ಕಾರಣ.

ಒಂದೇ ದಿಕ್ಕಿಗೆ ಎಳೆದ ಪ್ಲಾಸ್ಟಿಕ್ ದಾರವನ್ನು ತುಂಡರಿಸುವುದು ಕಷ್ಟ, ಉದ್ದಕ್ಕೆ ಸೀಳುವುದು ಸುಲಭ. ಒಂದು ದಿಕ್ಕಿನಲ್ಲಿ ಗಳಿಸಿದ ಬಲಕ್ಕೆ ಅಡ್ಡ ದಿಕ್ಕಿನಲ್ಲಿ ಬೆಲೆ ತೆರಬೇಕು. ಆದ್ದರಿಂದಲೇ ರಕ್ಷಣಾ ಕವಚಗಳಲ್ಲಿ ನಾರುಗಳನ್ನು ಅಡ್ಡಡ್ಡವಾಗಿ ನೇಯ್ದು ಅಥವಾ ಜೋಡಿಸಿ, ಪದರದ ಮೇಲೆ ಪದರ ಇಡುತ್ತಾರೆ.

ಮಿತಿಗಳೂ ಇವೆ

ಡೈನೀಮಾ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕೆವ್ಲಾರ್ ಎಳೆತಕ್ಕೆ ಜಗ್ಗದಿದ್ದರೂ ಅದುಮಿದರೆ ಸೋಲುತ್ತದೆ, ಬಿಸಿಲಿಗೆ ಸೊರಗುತ್ತದೆ. ಕೆವ್ಲಾರ್‌ಗಿಂತ ಬಲವಾದ ಜೈಲಾನ್ ನಾರಿನ ಕವಚವನ್ನು 2003ರಲ್ಲಿ ಅಮೆರಿಕದಲ್ಲಿ ಗುಂಡು ತೂರಿ ಪೊಲೀಸ್ ಅಧಿಕಾರಿಯೊಬ್ಬರು ಗಾಯಗೊಂಡರು. ತೇವಾಂಶಕ್ಕೆ ಆ ನಾರಿನ ಸರಪಳಿಗಳು ಕಡಿಯುತ್ತವೆ ಎಂಬುದು ತನಿಖೆಯಲ್ಲಿ ಕಂಡುಬಂತು. 2005ರಲ್ಲಿ ಅಲ್ಲಿನ ಸರ್ಕಾರ ಅಂತಹ ಕವಚಗಳಿಗೆ ನೀಡಿದ್ದ ಮಾನ್ಯತೆಯನ್ನು ಹಿಂಪಡೆಯಿತು. ಸಾಲು ಎಷ್ಟೇ ನೆಟ್ಟಗಿದ್ದರೂ ಕೊಂಡಿ ಕಳಚಿದರೆ ಬಲ ಉಳಿಯದು. ಹೀಗಾಗಿ ಹೊಸ ನಾರಿನ ಬಲವನ್ನು ಅಳೆದರೆ ಸಾಲದು. ವರ್ಷಗಳ ಬಳಕೆಯ ಬಳಿಕ ಅದು ಎಷ್ಟು ಉಳಿದೀತು ಎಂಬುದನ್ನೂ ಪರೀಕ್ಷಿಸಬೇಕಾಗುತ್ತದೆ.