ಪಹಣಿಯ ಅಂಕಣಗಳು: ಕೈಬರಹದಿಂದ ಗಣಕಕ್ಕೆ

ಸರಕಾರಿ ನಮೂನೆಗಳು ಗಣಕಕ್ಕೆ ಏರಿದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರದಿಂದ ಆರಂಭಿಸುತ್ತಾರೆ. ಕರ್ನಾಟಕದ ಪಹಣಿಯ ಮಟ್ಟಿಗೆ ಈ ಕ್ರಮ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. 'ಭೂಮಿ' ಯೋಜನೆಯಡಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ಹೆಸರುಗಳು ಗಣಕವನ್ನು ಸೇರಿದವು. ಇವನ್ನೆಲ್ಲ ಬೇರೆ ಬೇರೆ ಕಡೆ ಕುಳಿತು ಬೆರಳಚ್ಚಿಸುವ ತಂಡಗಳು ಒಂದು ಅಂಕಣವನ್ನು ಒಂದೇ ಅರ್ಥದಲ್ಲಿ ಓದುವಂತೆ ಮಾಡುವುದು ಹೇಗೆಂಬುದೇ ಮೂಲ ಪ್ರಶ್ನೆಯಾಗಿತ್ತು. ಈ ಪ್ರಶ್ನೆ ಗಣಕಕ್ಕಿಂತ ಒಂದೂವರೆ ಶತಮಾನ ಹಳೆಯದು.

ಮುಂಬಯಿ ಪ್ರಾಂತದಲ್ಲಿ ಪ್ರಿಂಗಲ್ ನಡೆಸಿದ ಮೊದಲ ಭೂಮಾಪನ ವಿಫಲವಾದ ಬಳಿಕ, 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಿಂದ ಹೊಸ ಮೋಜಣಿ ಆರಂಭವಾಯಿತು. ಗೋಲ್ಡ್‌ಸ್ಮಿಡ್, ವಿಂಗೇಟ್ ಮತ್ತು ಡೇವಿಡ್‌ಸನ್ 1847ರಲ್ಲಿ ಸಲ್ಲಿಸಿದ ಜಂಟಿ ವರದಿ ಬೇರೆ ಬೇರೆ ಕಡೆಯ ಮೋಜಣಿದಾರರಿಗೆ ಒಂದೇ ನಿಯಮಾವಳಿಯನ್ನು ಒದಗಿಸಿತು. ಧಾರವಾಡ, ಬೆಳಗಾವಿಗಳು ಆ ನಿಯಮಾವಳಿಗೆ ಒಳಪಟ್ಟವು. 1863ರಿಂದ ಮೈಸೂರು ಸಂಸ್ಥಾನದ ಮೋಜಣಿಯೂ ಮುಂಬಯಿ ಪದ್ಧತಿಯನ್ನೇ ಅನುಸರಿಸಿತು.

1956ರ ಏಕೀಕರಣದಿಂದ ಐದು ಆಡಳಿತಗಳ ದಾಖಲೆಗಳು ಒಂದೇ ರಾಜ್ಯದ ಕಚೇರಿಗಳಿಗೆ ಬಂದವು. 1964ರ ಭೂಕಂದಾಯ ಅಧಿನಿಯಮವೂ 1966ರ ನಿಯಮಗಳೂ ಅವನ್ನು ಒಂದು ನಮೂನೆಗೆ, ಅಂದರೆ ಇಂದಿನ ಪಹಣಿಯಾದ 16ನೆಯ ನಮೂನೆಗೆ, ತಂದವು. ಅಂಕಣಗಳು ಒಂದಾದವು, ಅವುಗಳೊಳಗಿನ ಮಾತು ಮಾತ್ರ ಒಂದಾಗಲಿಲ್ಲ. ದಕ್ಷಿಣ ಕನ್ನಡದ ಕುಮ್ಕಿ, ವರ್ಗ ಜಮೀನಿಗೆ ಹೊಂದಿದ ಸರಕಾರಿ ನೆಲದ ಮೇಲಿನ ಸವಲತ್ತೇ ಹೊರತು ಒಡೆತನವಲ್ಲ. ಕೊಡಗಿನ ಜಮ್ಮಾ ಬಾಣೆಯನ್ನು ಮೈದಾನದ ರೈತವಾರಿ ಹಿಡುವಳಿಯೆಂದು ಓದುವಂತಿಲ್ಲ. ಹೈದರಾಬಾದು ಪ್ರಾಂತದ ಹಳೆಯ ದಾಖಲೆಗಳಲ್ಲಿಯಾದರೋ ಉರ್ದು ಪರಿಭಾಷೆಯೇ ಪ್ರಧಾನ. ಇಂಥ ಪದವೊಂದನ್ನು ಯಾವ ಅಂಕಣಕ್ಕೆ ಸೇರಿಸಬೇಕೆಂಬ ತೀರ್ಮಾನ ಕೇವಲ ಗುಮಾಸ್ತಿಕೆಯಲ್ಲ. 9ನೆಯ ಅಂಕಣದಲ್ಲಿ ಸ್ವಾಧೀನದಾರನ ಹೆಸರಿದ್ದರೆ 12ನೆಯದರಲ್ಲಿ ಸಾಗುವಳಿದಾರನ ಹೆಸರಿರುತ್ತದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ಬಳಿಕ ಗೇಣಿದಾರರು ಭೂನ್ಯಾಯ ಮಂಡಳಿಗಳ ಮುಂದೆ ನಿಂತಾಗ, ಈ 12ನೆಯ ಅಂಕಣದ ಬರಹವೇ ಅನೇಕರಿಗೆ ಮುಖ್ಯ ಸಾಕ್ಷ್ಯವಾಯಿತು. ಅಲ್ಲಿ ಹೆಸರಿಲ್ಲದವನು ಉತ್ತ ನೆಲವನ್ನೇ ತನ್ನದೆಂದು ಸಾಧಿಸಲು ಹೆಣಗಬೇಕಾಯಿತು.

ಅಳತೆಯ ತೊಡಕು ಇನ್ನೂ ಸೂಕ್ಷ್ಮ. ಪಹಣಿಯಲ್ಲಿ 2-20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅರ್ಥಾತ್ ಎರಡೂವರೆ ಎಕರೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ದಶಮಾಂಶವೆಂದು ಭಾವಿಸಿ 2.20 ಎಂದು ನಮೂದಿಸಿದರೆ ಹನ್ನೆರಡು ಗುಂಟೆ ನೆಲ ಕಾಗದದ ಮೇಲೆಯೇ ಮಾಯವಾಗುತ್ತದೆ. ಮಹಾರಾಷ್ಟ್ರದ ಏಳು-ಹನ್ನೆರಡರ ಉತಾರೆಯಲ್ಲಿ ಹೆಕ್ಟೇರ್-ಆರ್ ಅಳತೆ ಬಳಕೆಗೆ ಬಂದಿರುವುದರಿಂದ, ಸೊಲ್ಲಾಪುರ-ವಿಜಯಪುರಗಳ ಗಡಿಯ ದಾಖಲೆಗಳನ್ನು ಹೋಲಿಸುವವರು ಎರಡೂ ಲೆಕ್ಕಗಳನ್ನು ತಿಳಿದಿರಬೇಕು.

ಗುಲಬರ್ಗಾದಲ್ಲಿ 1991ರಲ್ಲಿ ನಡೆದ ಮೊದಲ ಪ್ರಯೋಗ ಹೆಚ್ಚು ದೂರ ಸಾಗಲಿಲ್ಲ. ದಶಕದ ಕೊನೆಯಲ್ಲಿ ಆರಂಭವಾದ 'ಭೂಮಿ'ಯೇ ಕೆಲಸವನ್ನು ಪೂರ್ಣಗೊಳಿಸಿತು. ಅದರ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಸಿದ್ಧಪಡಿಸಿತು. ಗಣಕ ಸೇರಿದ ವಿವರಗಳನ್ನು ಗ್ರಾಮಲೆಕ್ಕಿಗರು ಮೂಲ ಪುಸ್ತಕದೊಡನೆ ತಾಳೆನೋಡಿದರು. ಸುಮಾರು ಒಂಬತ್ತು ಸಾವಿರ ಮಂದಿ ಲೆಕ್ಕಿಗರ ಈ ಓದನ್ನು ತಂತ್ರಾಂಶದಷ್ಟೇ ಮುಖ್ಯವೆಂದು ನಾವು ಎಣಿಸುತ್ತೇವೆ. ಊರಿನ ಪದಗಳ ಅರ್ಥ ಬಲ್ಲವರು ಅವರೇ. 2002ರ ಹೊತ್ತಿಗೆ ಕೈಬರಹದ ಪಹಣಿ ಮಾನ್ಯತೆಯನ್ನು ಕಳೆದುಕೊಂಡಿತು. 15 ರೂಪಾಯಿಗೆ ಮುದ್ರಿತ ಪ್ರತಿ ದೊರೆಯತೊಡಗಿತು. ಎಲ್ಲ ರಾಜ್ಯಗಳಿಗೂ ಅನ್ವಯಿಸುವ ಮಾರ್ಗಸೂಚಿ ಹಾಗೂ ತಾಂತ್ರಿಕ ಕೈಪಿಡಿ ಬಂದದ್ದು 2008ರ ರಾಷ್ಟ್ರೀಯ ಭೂದಾಖಲೆ ಆಧುನೀಕರಣ ಕಾರ್ಯಕ್ರಮದೊಡನೆ. ದಾರಿ ನಡೆದ ಮೇಲೆ ನಕ್ಷೆ ಬಂದಿತೆನ್ನಬಹುದು.

ಈ ಕಾರ್ಯದಲ್ಲಿ ಕೈಬಿಟ್ಟುಹೋದದ್ದೂ ಉಂಟು. ಹೊಡೆದುಹಾಕಿದ ಹೆಸರು, ಅಂಚಿನ ಟಿಪ್ಪಣಿ, ಬೇರೆ ಶಾಯಿಯ ತಿದ್ದುಪಡಿ, ಇವು ಯಾವುದಕ್ಕೂ ಗಣಕದ ಅಂಕಣದಲ್ಲಿ ಸ್ಥಳವಿರಲಿಲ್ಲ. ಚರಿತ್ರಕಾರನಿಗಾದರೋ ಗೇಣಿದಾರನನ್ನು ಎಬ್ಬಿಸಿದ ಕಾಲ ತಿಳಿಯುವುದು ಅನೇಕ ವೇಳೆ ಇವುಗಳಿಂದಲೇ. 2024ರಲ್ಲಿ ಕರ್ನಾಟಕ ಸರಕಾರ ಆರಂಭಿಸಿದ 'ಭೂ ಸುರಕ್ಷಾ' ಯೋಜನೆ ತಾಲ್ಲೂಕು ಅಭಿಲೇಖಾಲಯಗಳ ಹಳೆಯ ಕಡತಗಳನ್ನು ಪುಟಪುಟವಾಗಿ ಚಿತ್ರರೂಪಕ್ಕೆ ತರುವುದರಿಂದ ಅಂಚಿನ ಬರಹವೂ ಉಳಿಯುತ್ತದೆ. ಆದರೆ ಚಿತ್ರವನ್ನು ಹುಡುಕಲು ಸೂಚಿ ಬೇಕು. ಸೂಚಿಯಲ್ಲಿ ಕುಮ್ಕಿಯನ್ನು ಯಾವ ತಲೆಬರಹದ ಕೆಳಗೆ ಇಡಬೇಕೆಂಬುದನ್ನು ಮತ್ತೆ ಯಾರಾದರೂ ನಿರ್ಧರಿಸಬೇಕು.